ಒಳ್ಳೆ ಮನುಷ್ಯನ್ನ ಬರೆಯೋಕೆ ಹೋದ್ರೆ ದೇವರ ಫೋಟೋ ಆಗ್ತಿದೆ, ಕಾದಂಬರಿ ಬರೆಯೋರು ಸ್ವಲ್ಪ ಬನ್ನಿ

ಕೆರೆಏರಿ (ಮುಳಬಾಗಿಲು)
ನಮಸ್ಕಾರ ಎಲ್ರಿಗೂ. ಒಂದು ಕಾದಂಬರಿ ಬರೀತಿದೀನಿ, ನಮ್ ಕೋಲಾರದ ಕಡೆದೇ ಕಥೆ, ಎಂಬತ್ತರ ದಶಕ, ಒಂದು ಹಳ್ಳಿ, ಒಂದು ಕೆರೆ, ಆ ಕೆರೆಗೆ ಒಬ್ಬ ನೀರಗಂಟಿ, ಹೆಸರು ಪಿಳ್ಳಪ್ಪ. ನೀರಗಂಟಿ ಅಂದ್ರೆ ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಕೆರೆ ತೂಬು (ನೀರು ಆಚೆ ಬಿಡೋ ಕಿಂಡಿ) ತೆಗೆಯೋದು ಮುಚ್ಚೋದು, ಅಚ್ಚುಕಟ್ಟಲ್ಲಿ, ಅಂದ್ರೆ ಕೆರೆ ನೀರು ಹರಿಯೋ ಜಮೀನಲ್ಲಿ, ಯಾರ ಗದ್ದೆಗೆ ಯಾವಾಗ ಎಷ್ಟೊತ್ತು ನೀರು ಅಂತ ಸರದಿ ಹಾಕೋದು, ಕಾಲುವೆ ನೋಡ್ಕೊಳ್ಳೋದು, ರಾತ್ರಿ ಹೊತ್ತು ಏರಿ ಮೇಲೆ ಓಡಾಡೋದು, ಎಲ್ಲಾ ಅವನ ಕೆಲಸ. ಸಂಬಳ ಅಂತ ಇಲ್ಲ, ಸುಗ್ಗಿಲಿ ಕಣದ ಹತ್ರ ಹೋದ್ರೆ ರೈತರು ಇಷ್ಟು ಅಂತ ಅಳೆದು ಕೊಡ್ತಿದ್ರು. ಮಳೆ ಕೈಕೊಟ್ಟ ವರ್ಷ ಇರೋ ನೀರಲ್ಲಿ ಎಷ್ಟು ಜಮೀನು ಬೆಳೆಯುತ್ತೆ ಅಂತ ಲೆಕ್ಕ ಹಾಕಿ ಅಷ್ಟಕ್ಕೇ ಬಿಡೋದು, ಉಳಿದ ಜಮೀನು ಬೀಳು.

ಪಿಳ್ಳಪ್ಪ ನಿಯತ್ತಿನ ಮನುಷ್ಯ. ಒಂದು ಹನಿ ಆಚೆ ಈಚೆ ಮಾಡಲ್ಲ. ಲಂಚ ತಗೊಳಲ್ಲ, ಹೆದರಲ್ಲ, ಸುಳ್ಳು ಹೇಳಲ್ಲ. ಅಲ್ಲೇ ನನ್ ಪ್ರಾಬ್ಲಮ್ ಶುರು. ಓದಿದ ಸ್ನೇಹಿತ ಒಬ್ಬ ಏನಂದ ಅಂದ್ರೆ ಪಿಳ್ಳಪ್ಪ ಬರೋ ಪುಟ ಎಲ್ಲಾ ಬೇಗ ಬೇಗ ತಿರುವಿದೆ ಕಣೋ, ಪಟೇಲನ ಮಗ ಬಂದಾಗ ಮಾತ್ರ ನಿಂತು ಓದಿದೆ ಅಂತ. ಆ ಪಟೇಲನ ಮಗ ಕಳ್ಳ, ಕುಡುಕ, ಆದ್ರೂ ಅವನೇ ಇಷ್ಟ ಆಗ್ತಾನಂತೆ! ನನ್ ಪಿಳ್ಳಪ್ಪ ಗೋಡೆ ಮೇಲಿನ ದೇವರ ಫೋಟೋ ಥರ ಇದಾನಂತೆ. ಒಳ್ಳೆಯವನನ್ನ ಒಳ್ಳೆಯವನಾಗೇ ಇಟ್ಟು ಓದೋ ಹಂಗೆ ಮಾಡೋದು ಹೆಂಗೆ? ಏನಾದ್ರೂ ಚಟ ಅಂಟಿಸ್ಬೇಕಾ? ಬೀಡಿ? ಇಸ್ಪೀಟು?

ಕೊಬ್ಬರಿ_ತಿಪಟೂರು
ಬೀಡಿ ಕೊಟ್ರೆ ಬೀಡಿ ಸೇದೋ ದೇವರ ಫೋಟೋ ಆಗ್ತಾನೆ ಅಷ್ಟೇ ಗುರು 😄

ಸೀರಿಯಸ್ಸಾಗಿ ಹೇಳ್ತೀನಿ. ಕೊರತೆ ಅಂಟಿಸೋದು ಒಂದು ಫ್ಯಾಶನ್ ಆಗಿದೆ ಈಗ, ಪೊಲೀಸ್ ಇನ್ಸ್‌ಪೆಕ್ಟರ್ ಒಳ್ಳೆಯವನಾದ್ರೆ ಕುಡೀಲೇಬೇಕು, ಮೇಷ್ಟ್ರು ಒಳ್ಳೆಯವರಾದ್ರೆ ಹೆಂಡ್ತಿ ಜೊತೆ ಜಗಳ ಇರಲೇಬೇಕು. ಅದು ಓದುಗನ ಕಣ್ಣಿಗೆ ಮಣ್ಣು. ನಮ್ ತಿಪಟೂರು ಸೀಮೆದೇ ಎಕ್ಸಾಂಪಲ್ ತಗೊಳ್ಳಿ, ಭೈರಪ್ಪನವರ ಗೃಹಭಂಗ, 1970ರದ್ದು. ನಂಜಮ್ಮನಿಗೆ ಯಾವ ಚಟ ಇದೆ? ಏನೂ ಇಲ್ಲ. ಆದ್ರೆ ಆ ಹೆಂಗಸು ಒಂದು ನಿಮಿಷ ಸುಮ್ನೆ ಕೂರಲ್ಲ ನೋಡಿ. ಗಂಡ ಶಾನುಭೋಗ ಅನ್ನೋದು ಹೆಸರಿಗೆ, ಲೆಕ್ಕ ಬರೆಯೋಳು ಇವಳು. ಮುತ್ತುಗದ ಎಲೆ ತಂದು ಹಚ್ತಾಳೆ, ಅದ್ರಲ್ಲಿ ನಾಕು ಕಾಸು. ಚೆನ್ನಿಗರಾಯ ತಿನ್ನೋದೇ ಕೆಲಸ ಮಾಡ್ಕೊಂಡಿದಾನೆ, ಅತ್ತೆ ಗಂಗಮ್ಮನ ಬಾಯಿ ಊರಿಗೆಲ್ಲ ಕೇಳ್ಸುತ್ತೆ, ಮಧ್ಯ ಇವಳು ಇವತ್ತಿನ ಊಟಕ್ಕೆ ದಾರಿ ಹುಡುಕ್ತಿರ್ತಾಳೆ. ನಾವು ಅವಳನ್ನ ಮೆಚ್ಚೋದು ಅವಳು ಒಳ್ಳೆಯವಳು ಅಂತ ಲೇಖಕರು ಹೇಳಿದ್ದಕ್ಕಲ್ಲ ಕಣ್ರೀ, ಮುಂದಿನ ತಿಂಗಳು ಇವಳು ಹೆಂಗೆ ದೂಡ್ತಾಳಪ್ಪ ಅನ್ನೋ ಆತಂಕಕ್ಕೆ ಓದ್ತೀವಿ, ಮೆಚ್ಚುಗೆ ಅದರ ಹಿಂದೆ ತಾನಾಗೇ ಬರುತ್ತೆ.

ನಿಮ್ ಪಿಳ್ಳಪ್ಪ ಕೆಲಸ ಮಾಡೋದು ಎಷ್ಟು ಪುಟ ಇದೆ? ಬರೀ ಬೇಡ ಅನ್ನೋದು ಎಷ್ಟು ಪುಟ? ಲಂಚ ತಗೊಳಲ್ಲ, ಹೆದರಲ್ಲ, ಸುಳ್ಳು ಹೇಳಲ್ಲ, ನೀವು ಕೊಟ್ಟ ಲಿಸ್ಟ್‌ ಪೂರ್ತಿ 'ಅಲ್ಲ'ಗಳೇ ಇದೆ ನೋಡಿ.

ಮಾಲೂರು_ಮೇಷ್ಟ್ರು
ತಿಪಟೂರಿನವರು ಹೇಳಿದ್ದು ಸರಿ ಇದೆ. ನಾನು ಇನ್ನೊಂದು ವಿಷಯ ಸೇರಿಸ್ತೀನಿ. ಈ ಕಷ್ಟ ನಿಮ್ಮೊಬ್ಬರದ್ದಲ್ಲ ಸ್ವಾಮಿ. ರಷ್ಯಾದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ 1868ರ ಜನವರಿಯಲ್ಲಿ ತನ್ನ ಅಣ್ಣನೋ ತಂಗಿಯೋ ಮಗಳಿಗೆ ಒಂದು ಕಾಗದ ಬರೀತಾನೆ, ಆಗ ಅವನು 'ಈಡಿಯಟ್' ಶುರು ಮಾಡಿರ್ತಾನೆ. ಪೂರ್ತಿ ಸುಂದರವಾದ ಮನಸ್ಸಿನ ಒಬ್ಬ ಮನುಷ್ಯನನ್ನ ಚಿತ್ರಿಸಬೇಕು ಅಂತಿದೀನಿ, ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಅನ್ನೋ ಅರ್ಥದಲ್ಲಿ ಬರೀತಾನೆ. ಹಿಂದಿನೋರಲ್ಲಿ ಯಾರು ಗೆದ್ದಿದಾರೆ ಅಂತ ಹುಡುಕಿ ಡಾನ್ ಕ್ವಿಕ್ಸಾಟ್‌ನ ಹೆಸರು ಹೇಳ್ತಾನೆ, ಅವನು ಒಳ್ಳೆಯವನು ಅನ್ನಿಸೋದು ಅದೇ ಹೊತ್ತಿಗೆ ನಗೆಪಾಟಲೂ ಆಗಿರೋದ್ರಿಂದ ಅಂತಾನೆ. ಡಿಕನ್ಸ್‌ನ ಪಿಕ್‌ವಿಕ್‌ನೂ ಅದೇ ಸಾಲಿಗೆ ಸೇರಿಸ್ತಾನೆ. ತಮಾಷೆ ಏನಂದ್ರೆ ಅವನ ನೋಟ್‌ಬುಕ್ಕುಗಳಲ್ಲಿ ಮೊದಲು ಇದ್ದ ನಾಯಕ ಈಗ ಕಾದಂಬರಿಲಿರೋ ರಾಜಕುಮಾರ ಮಿಶ್ಕಿನ್ ಅಲ್ಲವೇ ಅಲ್ಲ, ಅಹಂಕಾರಿ, ಸಿಟ್ಟಿನ, ಕ್ರೂರ ಮನುಷ್ಯ. 1867ರ ಕೊನೇಲಿ ಅದನ್ನೆಲ್ಲ ಬಿಸಾಕಿ ಹೊಸದಾಗಿ ಶುರು ಮಾಡಿದ. ಅಂದ್ರೆ ಆ ಸಾಧು ರಾಜಕುಮಾರನ ಹಿಂದೆ ಒಬ್ಬ ದುಷ್ಟನ ಕರಡು ಇದೆ.

ಅರಿಸ್ಟಾಟಲ್ ಕೂಡ ಈ ಬಗ್ಗೆ ಎಚ್ಚರಿಸಿದಾನೆ, ಪೂರ್ತಿ ಸಜ್ಜನನೊಬ್ಬ ಸುಖದಿಂದ ದುಃಖಕ್ಕೆ ಬಿದ್ರೆ ನೋಡೋರಿಗೆ ಕರುಣೆ ಭಯ ಹುಟ್ಟಲ್ಲ, ಅಸಹ್ಯ ಆಗುತ್ತೆ ಅಂತ. ನಮ್ಮ ಲಕ್ಷಣಕಾರರು (ಕಾವ್ಯಶಾಸ್ತ್ರ ಬರೆದೋರು) ಧೀರೋದಾತ್ತ, ಅಂದ್ರೆ ಧೀರನೂ ಉದಾತ್ತನೂ ಆದ ನಾಯಕ, ಅಂತ ಒಂದು ಚೌಕಟ್ಟು ಕೊಟ್ಟರು, ಅದು ಮಹಾಕಾವ್ಯಕ್ಕೆ ಸರಿ, ನೀರಗಂಟಿಗೆ ಆಗಲ್ಲ.

ಇನ್ನೊಂದು ಸಣ್ಣ ವಿಷಯ. ಎಂಬತ್ತರ ದಶಕ ಅಂದ್ರಿ, ಪಟೇಲ ಅಂದ್ರಿ. ಗ್ರಾಮ ಹುದ್ದೆ ರದ್ದತಿ ಕಾಯ್ದೆ 1961ರದ್ದು, 1963ರಲ್ಲಿ ಜಾರಿಗೆ ಬಂತು. ಪಟೇಲಿಕೆ ಆಗಲೇ ಹೋಗಿದೆ.

ಕೆರೆಏರಿ
ಮೇಷ್ಟ್ರೇ ಹುದ್ದೆ ಹೋಗಿದೆ, ಪಟೇಲರ ಮನೆ ಅನ್ನೋ ಹೆಸರು ಊರಲ್ಲಿ ಉಳ್ಕೊಂಡಿದೆ. ನೀರಗಂಟಿಕೆನೂ ಹಂಗೇ, ಕಾಯ್ದೆ ಪ್ರಕಾರ ಇಲ್ಲ, ಆದ್ರೆ ತೂಬು ತೆಗೆಯೋಕೆ ಒಬ್ಬ ಬೇಕಲ್ಲ. ಅದು ಕಾದಂಬರಿಲಿದೆ. ಆದ್ರೆ ಈ ಆಂಗಲ್ ನಾನು ಯೋಚ್ನೆ ಮಾಡಿರ್ಲಿಲ್ಲ, ಪಿಳ್ಳಪ್ಪನ ಕೈಲಿ ಸರ್ಕಾರಿ ಕಾಗದ ಒಂದೂ ಇಲ್ಲ, ಊರು ಒಪ್ಪಿದೆ ಅನ್ನೋದೊಂದೇ ಅವನ ಅಧಿಕಾರ. ಥ್ಯಾಂಕ್ಸ್.

ತಿಪಟೂರು ಅಣ್ಣ ಕೇಳಿದ್ರಲ್ಲ, ಒಂದು ಸೀನ್ ಹಾಕ್ತೀನಿ, ಬೈಯ್ಯಿರಿ:

"ಪಟೇಲರ ಮಗ ಕತ್ತಲಲ್ಲಿ ನೂರರ ನೋಟನ್ನು ಚಾಚಿದ. ಪಿಳ್ಳಪ್ಪ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. 'ಅಯ್ಯಾ, ಈ ಕೆರೆ ನಮ್ಮೂರ ತಾಯಿ. ತಾಯಿಯನ್ನು ಮಾರಿಕೊಳ್ಳುವ ಮಗ ನಾನಲ್ಲ. ನಿಮ್ಮ ದುಡ್ಡು ನಿಮಗಿರಲಿ, ನನ್ನ ನಿಯತ್ತು ನನಗಿರಲಿ' ಎಂದವನೇ ಗುದ್ದಲಿಯನ್ನು ಹೆಗಲಿಗೇರಿಸಿ ಏರಿಯ ಮೇಲೆ ನಡೆದುಹೋದ."

ಕೊಬ್ಬರಿ_ತಿಪಟೂರು
ಅಯ್ಯಯ್ಯೋ. ಹಿಂದೆ ಶಹನಾಯಿ ಬೇರೆ ಕೇಳಿಸ್ತು ನಂಗೆ.

ನೀರಗಂಟಿ ರಾತ್ರಿ ಹನ್ನೊಂದು ಗಂಟೆಗೆ ಏರಿ ಮೇಲೆ ಹಿಂಗೆ ಭಾಷಣ ಮಾಡಲ್ಲ ಗುರು, 'ಓಗಯ್ಯ ಓಗಯ್ಯ, ನಾಳೀಕ್ ಬಾ' ಅಂತಾನೆ. ಇನ್ನೊಂದು, ನೂರರ ನೋಟು ಕಣ್ಣೆತ್ತಿ ನೋಡ್ಲಿಲ್ಲ ಅಂದ್ರಿ. ಯಾಕ್ ನೋಡಲ್ಲ? ಆ ಕಾಲಕ್ಕೆ ನೂರು ರೂಪಾಯಿ ಕೈಗೆ ಬಂದ್ರೆ ಏನೇನ್ ಮಾಡಬಹುದು ಅಂತ ಅವನಿಗೆ ಚೆನ್ನಾಗಿ ಗೊತ್ತು. ನೋಡ್ಲಿ, ಚೆನ್ನಾಗಿ ನೋಡ್ಲಿ. ಮನಸಲ್ಲಿ ಖರ್ಚೂ ಮಾಡ್ಲಿ. ಆಮೇಲೆ ಬೇಡ ಅನ್ಲಿ.

ಗೌರಿಬಿದನೂರು_ಗೇಟ್
ಮೇಷ್ಟ್ರು ನಗೆ ವಿಷಯ ತೆಗೆದ್ರಲ್ಲ ಅದಕ್ಕೆ ಬಂದೆ. ನಮ್ ಗೌರಿಬಿದನೂರು ಕಡೆಯೋರು ಎಚ್. ನರಸಿಂಹಯ್ಯನವರು, ಎಲ್ರಿಗೂ ಎಚ್ಚೆನ್. 1935ರಲ್ಲಿ ಓದೋಕೆ ಅಂತ ಬೆಂಗಳೂರಿಗೆ ನಡ್ಕೊಂಡೇ ಹೋದ ಹುಡುಗ, ಆಮೇಲೆ ನ್ಯಾಷನಲ್ ಕಾಲೇಜ್ ಪ್ರಿನ್ಸಿಪಾಲ್, ಬೆಂಗಳೂರು ಯೂನಿವರ್ಸಿಟಿ ವೈಸ್ ಚಾನ್ಸಲರ್, ಆದ್ರೂ ಖಾದಿ ಪಂಚೆ ಜುಬ್ಬ ಟೋಪಿ ಬಿಡ್ಲಿಲ್ಲ, ಮನೆ ಅಂತ ಮಾಡ್ಕೊಳ್ಳದೆ ಹಾಸ್ಟೆಲ್ ರೂಮಲ್ಲೇ ಬದುಕಿದ್ರು. ಇಷ್ಟೇ ಹೇಳಿದ್ರೆ ಶಾಲೆ ಪಾಠದ ಥರ ಇರುತ್ತೆ ಅಲ್ವ. ಆದ್ರೆ ಅವರ ಆತ್ಮಕಥೆ 'ಹೋರಾಟದ ಹಾದಿ' ತಗೊಂಡು ಓದಿ, ಆ ಮನುಷ್ಯ ತನ್ನ ಬಗ್ಗೆ ಮೊದಲು ತಾನೇ ನಕ್ಕು ಬಿಡ್ತಾರೆ. ಪವಾಡ ಪರೀಕ್ಷೆ ಮಾಡೋಣ ಬನ್ನಿ ಅಂತ ದೊಡ್ಡ ದೊಡ್ಡೋರಿಗೇ ಸವಾಲು ಹಾಕಿದ ಧೈರ್ಯ ನಂಬೋ ಹಂಗೆ ಆಗೋದು ಆ ನಗುವಿನಿಂದ.

ಹಾಗಂತ ಪಿಳ್ಳಪ್ಪನಿಗೆ ಜೋಕ್ ಹೇಳ್ಸಬೇಡಿ. ಒಳ್ಳೆಯವನಿಗೆ ತಾನು ಒಳ್ಳೆಯವನು ಅನ್ನೋದು ಗೊತ್ತಿದ್ರೆ ಓದುಗನಿಗೆ ಮೈ ಉರಿಯುತ್ತೆ, ನಂಗಂತೂ ಉರಿಯುತ್ತೆ. 'ನನ್ನ ನಿಯತ್ತು ನನಗಿರಲಿ' ಅಂತ ಅವನ ಬಾಯಲ್ಲೇ ಬಂದ್ರೆ ಮುಗೀತು, ಪುಸ್ತಕ ಮುಚ್ಚು.

ಶಿರಾ_ಸೀಮೆ
ಎಲ್ರೂ ಪಿಳ್ಳಪ್ಪ ಹೆಂಗಿರ್ಬೇಕು ಅಂತಲೇ ಮಾತಾಡ್ತಿದೀರಿ. ನನ್ ಪ್ರಶ್ನೆ ಬೇರೆ. ಇವನ ಒಳ್ಳೆತನಕ್ಕೆ ದುಡ್ಡು ಕೊಡ್ತಿರೋರು ಯಾರು?

ಸ್ವಲ್ಪ ಉದ್ದ ಬರೀತೀನಿ ಕ್ಷಮಿಸಿ. ರಾಘವಾಂಕನ ಹರಿಶ್ಚಂದ್ರ ನೋಡಿ, ಹದಿಮೂರನೇ ಶತಮಾನದ ಕವಿ. ಸತ್ಯ ಬಿಡಲ್ಲ ಅಂದೋನು ರಾಜ, ಆದ್ರೆ ಮಾರಾಟಕ್ಕೆ ನಿಂತೋಳು ಚಂದ್ರಮತಿ, ಹಾವು ಕಚ್ಚಿ ಬಿದ್ದೋನು ಲೋಹಿತಾಶ್ವ. ಸತ್ಯ ಅವನದು, ಬಿಲ್ ಹೆಂಡ್ತಿ ಮಗುದು. ರಾಘವಾಂಕ ದೊಡ್ಡ ಕವಿ ಯಾಕೆ ಅಂದ್ರೆ ಅವನು ಅದನ್ನ ಮುಚ್ಚಿಡಲ್ಲ, ಮಗನ ಹೆಣ ಇಟ್ಕೊಂಡು ಅಳೋ ತಾಯಿನ ಪೂರ್ತಿ ಅಳೋಕೆ ಬಿಡ್ತಾನೆ, ಸುಡುಗಾಡಿನ ತೆರಿಗೆ ಕೇಳ್ತಾ ನಿಂತಿರೋ ಗಂಡನ್ನ ಎದುರಿಗೇ ನಿಲ್ಲಿಸ್ತಾನೆ. ಆಗ ಆ ಸತ್ಯದ ಮೇಲೆ ನಮಗೆ ಗೌರವನೂ ಬರುತ್ತೆ, ಸ್ವಲ್ಪ ಸಿಟ್ಟೂ ಬರುತ್ತೆ, ಎರಡೂ ಒಟ್ಟಿಗೆ.

ಪುಣ್ಯಕೋಟಿ ಹಾಡು ಎಲ್ರಿಗೂ ಬಾಯಿಪಾಠ. ಹಸು ಮಾತು ಉಳಿಸ್ಕೊಳ್ತು ಅಂತ ಮಕ್ಕಳಿಗೆ ಹೇಳಿ ಮುಗಿಸ್ತೀವಿ. ಆದ್ರೆ ಹಾಡಲ್ಲಿ ಕಣ್ಣೀರು ತರ್ಸೋ ಜಾಗ ಎಲ್ಲಿದೆ? ಕೊಟ್ಟಿಗೇಲಿ. ಕರು ಇನ್ಮೇಲೆ ನಾನು ಯಾರ ಹಾಲು ಕುಡೀಲಿ, ಯಾರ ಹತ್ರ ಮಲಗ್ಲಿ ಅಂತ ಕೇಳೋದು, ಅವಳು ಅಕ್ಕತಂಗಿಯರಿಗೆ ಕರುನ ಒಪ್ಪಿಸೋದು. ಹಾಡು ಕಟ್ಟಿದೋರಿಗೆ ಗೊತ್ತಿತ್ತು, ತಾಯಿ ಸತ್ಯಕ್ಕೆ ಕರು ತೆರಬೇಕು ಅಂತ, ಅದಕ್ಕೇ ಹುಲಿ ಮುಂದೆ ಹೋಗೋ ಮೊದಲು ಕೊಟ್ಟಿಗೇಲಿ ಅಷ್ಟೊತ್ತು ನಿಲ್ಲಿಸಿದಾರೆ. ಇನ್ನೊಂದು ಗಮನಿಸಿ, ಪುಣ್ಯಕೋಟಿ ಶುರುನಿಂದ ಕೊನೆವರೆಗೂ ಬದಲಾಗಲ್ಲ. ಬದಲಾಗೋದು ಹುಲಿ. ಕಾದಂಬರಿ ಅಂದ್ರೆ ನಾಯಕ ಬದಲಾಗಲೇಬೇಕು ಅಂತ ರೈಟಿಂಗ್ ವರ್ಕ್‌ಶಾಪಲ್ಲಿ ಹೇಳ್ಕೊಡ್ತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಒಳ್ಳೆಯವನು ಅಲ್ಲಾಡದೆ ನಿಂತು ಸುತ್ತ ಇರೋರೆಲ್ಲ ಅಲ್ಲಾಡಬಹುದು.

ಆಚೆಯದೂ ಒಂದು ಹೇಳ್ತೀನಿ. ವಿಕ್ಟರ್ ಹ್ಯೂಗೋ 1862ರಲ್ಲಿ 'ಲೆ ಮಿಸರಾಬ್ಲ್' ತಂದಾಗ ಕಥಾನಾಯಕ ಬರೋಕೆ ಮುಂಚೆ ಮೊದಲನೇ ಭಾಗ ಇಡೀ ಒಬ್ಬ ಬಿಷಪ್‌ಗೆ ಕೊಡ್ತಾನೆ. ಆ ಬಿಷಪ್‌ನ ಒಳ್ಳೆತನ ಹೆಂಗೆ ಕಟ್ತಾನೆ ಗೊತ್ತಾ, ಲೆಕ್ಕದ ಪಟ್ಟಿ ಹಾಕಿ! ವರ್ಷಕ್ಕೆ ಹದಿನೈದು ಸಾವಿರ ಬರುತ್ತೆ, ತನಗೆ ಅಂತ ಇಟ್ಕೊಳ್ಳೋದು ಒಂದು ಸಾವಿರ, ಮಿಕ್ಕಿದ್ದು ಯಾರ್ಯಾರಿಗೆ ಎಷ್ಟು ಅಂತ ಸಾಲು ಸಾಲು. ಮನೇಲಿ ತಂಗಿ ಇದಾಳೆ, ಕೆಲಸದ ಹೆಂಗಸು ಇದಾಳೆ. ಅವರೂ ಅದ್ರಲ್ಲೇ ಬದುಕ್ಬೇಕು. ತಂಗಿ ಒಪ್ಕೊಂಡು ಇರ್ತಾಳೆ, ಕೆಲಸದೋಳು ಗೊಣಗ್ತಾಳೆ. ಬೆಳ್ಳಿ ಸಾಮಾನು ಕಳುವಾದ ಬೆಳಗ್ಗೆ ಮೊದಲು ಕಿರುಚೋದೂ ಅವಳೇ. ಆ ಗೊಣಗಾಟ ಇಲ್ದಿದ್ರೆ ಬಿಷಪ್ ನಂಬೋ ಹಂಗೇ ಇರ್ತಿರ್ಲಿಲ್ಲ.

ಈಗ ನಿಮ್ ಮ್ಯಾಟರ್‌ಗೆ ಬನ್ನಿ. ಪಿಳ್ಳಪ್ಪ ನೂರು ರೂಪಾಯಿ ಬೇಡ ಅಂದ. ಮನೆಗೆ ಹೋದ. ಮನೇಲಿ ಯಾರಿದಾರೆ? ಅವರು ಏನಂದ್ರು? ನೀವು ಬರೆದಿರೋ ಅಷ್ಟೂ ಪೋಸ್ಟಲ್ಲಿ ಅವನಿಗೊಂದು ಮನೆ ಇದೆ ಅನ್ನೋ ಸುಳಿವೇ ಇಲ್ವಲ್ಲ.

ಕೆರೆಏರಿ
ಹೆಂಡ್ತಿ ಇದಾಳೆ ಅಕ್ಕ. ಮುನೆಮ್ಮ. ಎರಡನೇ ಅಧ್ಯಾಯದಲ್ಲಿ ಮುದ್ದೆ ಬಡಿಸ್ತಾಳೆ.

ಶಿರಾ_ಸೀಮೆ
ಆಮೇಲೆ?

ಕೆರೆಏರಿ
ಒಂಬತ್ತನೇ ಅಧ್ಯಾಯದಲ್ಲೂ ಬಡಿಸ್ತಾಳೆ 😐

ಬಂಗಾರಪೇಟೆ_ಪ್ಯಾಸೆಂಜರ್
ಈಗ ನಾನು ಸ್ವಲ್ಪ ಖಾರವಾಗೇ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ ಅಣ್ಣ.

ನಮ್ ಕಡೆ ನೀರಗಂಟಿಕೆ ಬಹುತೇಕ ಊರಲ್ಲಿ ದಲಿತ ಮನೆತನದ ಕೆಲಸ. ಪಿಳ್ಳಪ್ಪನೂ ಅದೇ ಅಂತ ಅನ್ಕೊಂಡಿದೀನಿ. ಅವನಿಗೆ ಆ ಅಚ್ಚುಕಟ್ಟಲ್ಲಿ ಸ್ವಂತ ಗದ್ದೆ ಇದೆಯೋ ಇಲ್ವೋ ದೇವರಿಗೆ ಗೊತ್ತು. ಊರಿನ ಎಲ್ಲರ ಗದ್ದೆಗೂ ನೀರು ಬಿಡೋನು ಊರಿನ ಬಾವಿಗೆ ಬಿಂದಿಗೆ ಇಳಿಸೋ ಹಂಗಿಲ್ಲ. ಇದು ನಿಮ್ ಕಾದಂಬರಿಲಿ ಇದೆಯಾ? ಇಂಥೋನು ನಿಯತ್ತಾಗಿದ್ದ ಅಂದ್ರೆ ಅದು ಗುಣವೋ ಭಯವೋ? ಒಬ್ಬ ಗೌಡ್ರ ಗದ್ದೆಗೆ ಹೆಚ್ಚು ಬಿಟ್ಟ ಅಂತ ಸುದ್ದಿ ಆದ್ರೆ ಇನ್ನೊಬ್ಬ ಗೌಡ್ರು ಕಟ್ಟಿಹಾಕಿ ಹೊಡೀತಿದ್ರು. ಸರಿಸಮ ಹಂಚೋದು ಅವನಿಗೆ ಆದರ್ಶಕ್ಕಿಂತ ಮೊದಲು ಜೀವ ಉಳಿಸ್ಕೊಳ್ಳೋ ದಾರಿ.

ನಮ್ ಸಾಹಿತ್ಯದಲ್ಲಿ ಒಳ್ಳೆ ಆಳು, ನಂಬಿಕಸ್ಥ ಆಳು ಅಂತ ಒಂದು ಪಾತ್ರ ಬಹಳ ಇದಾವೆ. ಓದೋ ಮೇಲ್ಜಾತಿಯೋರಿಗೆ ಖುಷಿ, ನೋಡಿ ಬಡವ ಆದ್ರೂ ಎಂಥ ನಿಯತ್ತು ಅಂತ. ಅವನಿಗೆ ಏನ್ ಬೇಕು ಅಂತ ಯಾರೂ ಕೇಳಲ್ಲ. ಕಾರಂತರ ಚೋಮ 1933ರಲ್ಲೇ ಕೇಳಿದ, ನಂಗೆ ಬೇಸಾಯ ಮಾಡೋಕೆ ಒಂದು ತುಂಡು ಭೂಮಿ ಬೇಕು ಅಂತ. ಕುಡೀತಾನೆ, ಮಕ್ಕಳ ಮೇಲೆ ರೇಗ್ತಾನೆ, ದುಡಿ ಬಡೀತಾನೆ, ಆದ್ರೂ ಅವನು ನಮ್ ಮನಸಲ್ಲಿ ಉಳ್ಕೊಂಡಿರೋದು ಆ ಆಸೆ ಇಂದ. ನಿಮ್ ಪಿಳ್ಳಪ್ಪನಿಗೆ ಏನ್ ಆಸೆ? ಯಾರ ಕಣ್ಣಿಗೆ ಒಳ್ಳೆಯವನು ಅವನು, ಪಟೇಲರ ಬೀದಿಗಾ, ಅವನ ಕೇರಿಗಾ? ಕೇರಿಯೋರು ಅವನನ್ನ ಏನಂತಾರೆ? 'ನೋಡ್ರಪ್ಪ, ಗೌಡ್ರ ಗದ್ದೆಗೆ ರಾತ್ರಿ ಇಡೀ ಕಾವಲು ಕಾಯ್ತಾನೆ, ನಮ್ ಬೀದಿ ಚರಂಡಿ ಕೇಳೋಕೆ ಬಾಯಿ ಬರಲ್ಲ' ಅಂತ ಬೈಯ್ತಿರ್ಬಹುದಲ್ವಾ?

ಮಾಲೂರು_ಮೇಷ್ಟ್ರು
ಬಂಗಾರಪೇಟೆಯವರೇ, ನಿಮ್ಮ ಮಾತಲ್ಲಿ ಸತ್ಯ ಇದೆ. ಆದ್ರೆ ಎಲ್ಲವನ್ನೂ ಭಯ ಅಂತ ಇಳಿಸಿಬಿಟ್ರೆ ಬಡವನಿಗೆ ನೈತಿಕತೆನೇ ಇಲ್ಲ ಅಂದಂಗಾಗಲ್ವೇ? ಅದೂ ಒಂಥರಾ ಅವಮಾನ.

ಬಂಗಾರಪೇಟೆ_ಪ್ಯಾಸೆಂಜರ್
ಇಲ್ಲ ಸಾರ್, ನಾನು ಇಳಿಸ್ತಿಲ್ಲ, ಬೇರ್ಪಡಿಸಿ ತೋರಿಸಿ ಅಂತಿದೀನಿ. ಭಯ ಇದ್ದಾಗ ಮಾಡಿದ್ದು ಯಾವುದು, ಭಯ ಹೋದ ಮೇಲೂ ಮಾಡಿದ್ದು ಯಾವುದು. ಎಂಬತ್ತರ ದಶಕದಲ್ಲಿ ಬೋರ್‌ವೆಲ್ ಬರ್ತಾ ಇದಾವೆ, ದೊಡ್ಡೋರಿಗೆ ಕೆರೆ ಬೇಡವೇ ಬೇಡ ಆಗುತ್ತೆ, ನೀರಗಂಟಿನ ಹೊಡೆಯೋರೂ ಇಲ್ಲ ಅಳೆದು ಕೊಡೋರೂ ಇಲ್ಲ. ಆಗ ಉಳಿದಿರೋ ನಾಕು ಜನ ಸಣ್ಣ ರೈತರಿಗೆ ಅವನು ತೂಬು ತೆಗೀತಾನಾ, ರಾತ್ರಿ ಏರಿ ಮೇಲೆ ಹೋಗ್ತಾನಾ? ಹೋದ್ರೆ ಅದು ಅವನದೇ, ಯಾರ ಭಯನೂ ಅಲ್ಲ. ಕಾದಂಬರಿಗೆ ಅಲ್ಲಿ ಜೀವ ಇದೆ. ಲಂಚದ ಸೀನಲ್ಲಿ ಇಲ್ಲ.

ಮಾಲೂರು_ಮೇಷ್ಟ್ರು
ಇದು ಒಪ್ಪಿದೆ. ತುಂಬಾ ಒಳ್ಳೆ ಮಾತು.

ಚೇಳೂರು_ಹುಣಸೆ
ನಮ್ ತುಮಕೂರಲ್ಲಿ ಒಳ್ಳೆತನ ಅಂದ ತಕ್ಷಣ ಸಿದ್ಧಗಂಗೆ ಸ್ವಾಮೀಜಿ ನೆನಪಾಗ್ತಾರೆ, ಅವರ ಬಗ್ಗೆ ಕಾದಂಬರಿ ಬರೀಬೇಕು ಅಂತ ಒಬ್ರು ನಮ್ ಹತ್ರ ಬಂದಿದ್ರು. 111 ವರ್ಷ ಬದುಕಿದ ಜೀವ, ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ, ಎಲ್ಲಿಂದ ಹಿಡೀತೀರಿ? ನಾನು ಅವರಿಗೆ ಹೇಳಿದ್ದು ಸ್ವಾಮೀಜಿನ ಬಿಡಿ, ಮಠದಲ್ಲಿ ಓದೋಕೆ ಬಂದ ಒಬ್ಬ ಹುಡುಗನ್ನ ಬರೀರಿ, ಮನೆ ಬಿಟ್ಟು ಬಂದ ಸಿಟ್ಟು ಅವನಿಗೆ, ಸ್ವಾಮೀಜಿ ದೂರದಲ್ಲಿ ಎಲ್ಲೋ ನಡ್ಕೊಂಡು ಹೋಗ್ತಿರ್ಲಿ ಅಂತ. ಒಪ್ಪಲಿಲ್ಲ. ಭಕ್ತಿಗೆ ಕಾದಂಬರಿ ಬೇಕಾಗಿಲ್ಲ ಅಲ್ವಾ, ಅದಕ್ಕೆ ಚರಿತ್ರೆ ಸಾಕು.

ಗೂಡುಮಾರ್ಕೆಟ್ (ಶಿಡ್ಲಘಟ್ಟ)
ಚೇಳೂರಿನೋರು ಹೇಳಿದ್ದೇ ನನ್ ಪಾಯಿಂಟು, ಯಾರ ಕಣ್ಣಿಂದ ನೋಡ್ತೀವಿ ಅನ್ನೋದು. ಪಿಳ್ಳಪ್ಪನ ಮನಸಿನೊಳಗೆ ಕೂತ್ಕೊಂಡು ಬರೆದ್ರೆ ಒಂದೋ ಅವನು ತನ್ನನ್ನೇ ಹೊಗಳ್ಕೋಬೇಕು ಇಲ್ಲ ತನ್ನನ್ನೇ ಅನುಮಾನಿಸ್ಬೇಕು, ಎರಡೂ ಎಷ್ಟು ಪುಟ ಎಳೀತೀರಿ. ಕಾರಂತರ ಬೆಟ್ಟದ ಜೀವದಲ್ಲಿ ಗೋಪಾಲಯ್ಯನವರನ್ನ ನಾವು ನೋಡೋದು ದಾರಿ ತಪ್ಪಿ ಬಂದ ಒಬ್ಬ ಅತಿಥಿ ಕಣ್ಣಿಂದ. ಅತಿಥಿಗೆ ಸಿಗೋದು ಉಪಚಾರ, ನಗು, ಕಾಡಿನ ಕಥೆ. ಮಗ ಮನೆ ಬಿಟ್ಟು ಹೋಗಿರೋ ನೋವು ನಿಧಾನಕ್ಕೆ ಸೋರುತ್ತೆ, ಅವರಾಗಿ ತೋರಿಸಲ್ಲ. ಅತಿಥಿ ಇಲ್ದೆ ಅದನ್ನ ಹೇಳೋಕಾಗ್ತಿರ್ಲಿಲ್ಲ.

ಹಾರ್ಪರ್ ಲೀ ಕಥೆನೂ ಇದೆ. 1960ರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಪುಸ್ತಕದಲ್ಲಿ ಆಟಿಕಸ್ ಫಿಂಚ್ ಅನ್ನೋ ವಕೀಲ ಎಷ್ಟು ದೊಡ್ಡ ಮನುಷ್ಯ ಅಂತ ಲೋಕವೇ ಮೆಚ್ಚಿತು, ಅಮೆರಿಕದಲ್ಲಿ ಅವನನ್ನ ನೋಡಿ ಲಾ ಓದೋಕೆ ಹೋದೋರು ಇದಾರೆ. ಅವನನ್ನ ನಮಗೆ ತೋರಿಸೋಳು ಪುಟ್ಟ ಮಗಳು. ಅದಕ್ಕೂ ಮೊದಲೇ ಬರೆದಿದ್ದ ಇನ್ನೊಂದು ಕರಡು 2015ರಲ್ಲಿ ಅಚ್ಚಾಯ್ತಲ್ಲ, ಅದ್ರಲ್ಲಿ ಅದೇ ಮಗಳಿಗೆ 26 ವರ್ಷ, ಊರಿಗೆ ಬಂದು ನೋಡಿದ್ರೆ ಅಪ್ಪ ಕರಿಯರ ಹಕ್ಕಿನ ವಿರುದ್ಧ ಮೀಟಿಂಗಲ್ಲಿ ಕೂತಿದಾನೆ. ಎಷ್ಟೋ ಓದುಗರಿಗೆ ಶಾಕ್ ಆಯ್ತು. ಅದೇ ಹೆಸರಿನ ಅಪ್ಪ, ನೋಡೋ ಮಗಳ ವಯಸ್ಸು ಬೇರೆ.

ನಿಮ್ ಕಥೇಲಿ ಪಟೇಲನ ಮಗ ಎಲ್ರಿಗೂ ಇಷ್ಟ ಅಂದ್ರಲ್ಲ, ಅವನ ಕಣ್ಣಿಂದ ಯಾಕ್ ನೋಡ್ಬಾರ್ದು ಪಿಳ್ಳಪ್ಪನ್ನ? ಅವನಿಗೆ ಪಿಳ್ಳಪ್ಪ ಕಂಡ್ರೆ ಆಗಲ್ಲ. ಆಗದೇ ಇರೋನು ಕೊಟ್ಟ ಸರ್ಟಿಫಿಕೇಟಿಗೆ ಬೆಲೆ ಜಾಸ್ತಿ.

ಗೌರಿಬಿದನೂರು_ಗೇಟ್
ಜೇನ್ ಆಸ್ಟಿನ್ ಕೂಡ ಕಾಗದದಲ್ಲಿ ಒಂದ್ಕಡೆ ಬರೀತಾಳೆ, ಪರಿಪೂರ್ಣ ಪಾತ್ರಗಳನ್ನ ಕಂಡ್ರೆ ನಂಗೆ ವಾಕರಿಕೆ ಬರುತ್ತೆ, ಕೆಟ್ಟ ಬುದ್ಧಿ ಬರುತ್ತೆ ಅನ್ನೋ ಅರ್ಥದಲ್ಲಿ. ಆದ್ರೆ ಅದೇ ಆಸ್ಟಿನ್ 1814ರ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಕಾದಂಬರಿಲಿ ಫ್ಯಾನಿ ಪ್ರೈಸ್ ಅಂತ ಒಬ್ಬ ತೆಪ್ಪಗಿರೋ ಒಳ್ಳೆ ಹುಡುಗಿನ ನಾಯಕಿ ಮಾಡಿದ್ಲು, ಮನೆಯೋರ ಅಭಿಪ್ರಾಯ ಎಲ್ಲ ಬರೆದಿಟ್ಕೊಂಡ್ಲು, ಸ್ವಂತ ಅಮ್ಮನೇ ಫ್ಯಾನಿ ಸಪ್ಪೆ ಅಂದ್ಬಿಟ್ರು. ಹಂಗಾಗಿ ಸ್ನೇಹಿತ ಬೈದಿದ್ದಕ್ಕೆ ತಲೆ ಕೆಡಿಸ್ಕೋಬೇಡಿ.

ಕೊಬ್ಬರಿ_ತಿಪಟೂರು
ಮೇಷ್ಟ್ರೇ ಒಂದು ಡೌಟು, ಆ ಮಿಶ್ಕಿನ್ ಒಳ್ಳೆತನದಿಂದ ಕೊನೆಗೆ ಯಾರಿಗೆ ಒಳ್ಳೇದಾಯ್ತು?

ಮಾಲೂರು_ಮೇಷ್ಟ್ರು
ಯಾರಿಗೂ ಇಲ್ಲ ಅನ್ನಬಹುದು. ನಾಸ್ತಾಸ್ಯ ಕೊಲೆಯಾಗ್ತಾಳೆ, ಅಗ್ಲಾಯ ಬದುಕು ಹಾಳಾಗುತ್ತೆ, ಅವನೇ ಬುದ್ಧಿ ಕಳ್ಕೊಂಡು ಹಿಂದೆ ಬಿಟ್ಟು ಬಂದಿದ್ದ ಸ್ವಿಟ್ಜರ್ಲೆಂಡಿನ ಆಸ್ಪತ್ರೆಗೇ ವಾಪಸ್. ಇಬ್ಬರು ಹೆಂಗಸರ ಮೇಲೂ ಕರುಣೆ ತೋರ್ಸೋಕೆ ಹೋಗಿ ಇಬ್ಬರನ್ನೂ ಕೈಬಿಟ್ಟ. ದಾಸ್ತೊಯೆವ್‌ಸ್ಕಿ ಅವನನ್ನ ಎಷ್ಟು ಪ್ರೀತಿಸ್ತಾನೋ ಅಷ್ಟೇ ನಿಷ್ಠುರವಾಗಿ ಈ ಲೆಕ್ಕನೂ ಒಪ್ಪಿಸ್ತಾನೆ. ಶಿರಾದವರು ಕೇಳಿದ ಬಿಲ್ಲಿನ ಪ್ರಶ್ನೆಗೆ ಇದೂ ಒಂದು ಉತ್ತರ.

ನಮ್ಮ ಮಾಸ್ತಿಯವರನ್ನ ಬಿಟ್ಟು ಮಾಲೂರಿನವನು ಹೋಗೋದು ಹೆಂಗೆ, ಅದಕ್ಕೆ ಒಂದು ಸಾಲು. ಚಿಕವೀರ ರಾಜೇಂದ್ರದಲ್ಲಿ ರಾಣಿ ಗೌರಮ್ಮ ಇದಾಳೆ. ಗಂಡ ಕೆಟ್ಟವನು ಅಂತ ಗೊತ್ತು, ರಾಜ್ಯ ಹೋಗ್ತಿದೆ ಅಂತ ಗೊತ್ತು, ಆದ್ರೂ ಗಂಡನ ಪಕ್ಕ ಬಿಡಲ್ಲ, ಮಂತ್ರಿಗಳ ಹತ್ರ ಮಾತಾಡಿ ಮರ್ಯಾದೆ ಉಳಿಸೋಕೆ ನೋಡ್ತಾಳೆ. ಅವಳು ಮಾಡ್ತಿರೋದು ಸರಿಯೋ ತಪ್ಪೋ ಅಂತ ನಾನು ಕ್ಲಾಸಲ್ಲಿ ಕೇಳಿದಾಗೆಲ್ಲ ಹುಡುಗರು ಎರಡು ಭಾಗ ಆಗ್ತಿದ್ರು. ಮಾಸ್ತಿ ತೀರ್ಪು ಕೊಡಲ್ಲ.

ಕೆರೆಏರಿ
ಎಲ್ಲಾ ಓದಿದೆ, ರಾತ್ರಿ ಕೂತು ಒಂದು ಸೀನ್ ಹೊಸದಾಗಿ ಬರೆದೆ. ಲಂಚದ ಸೀನ್ ಕಿತ್ತಾಕಿದೀನಿ. ಈಗ ಹಿಂಗಿದೆ: ಮಳೆ ಇಲ್ಲದ ವರ್ಷ, ಅರ್ಧ ಅಚ್ಚುಕಟ್ಟಿಗೆ ಮಾತ್ರ ನೀರು ಅಂತ ಪಿಳ್ಳಪ್ಪ ಹೇಳಿದಾನೆ. ಪಟೇಲರ ಗದ್ದೆ ಗೆರೆಯಿಂದ ಆಚೆ ಬಿದ್ದಿದೆ. ಪಟೇಲರ ಮನೆ ಅಜ್ಜಿ ಹಿಂದೆ ಬರಗಾಲದಲ್ಲಿ ಪಿಳ್ಳಪ್ಪನ ಮಕ್ಕಳಿಗೆ ಗಂಜಿ ಹಾಕಿದೋಳು, ಅವಳೇ ಬಂದು ಕೇಳ್ತಾಳೆ, ದುಡ್ಡು ಕೊಡಲ್ಲ. ಇವನು ಬಿಡಲ್ಲ. ಸುಗ್ಗಿ ಬರುತ್ತೆ. ಕಣಕ್ಕೆ ಹೋಗೋಳು ಮುನೆಮ್ಮ:

"ಎಲ್ಲರಿಗೂ ಅಳೆದರು. ತೋಟಿಗೆ, ಅಗಸರಿಗೆ, ಕಮ್ಮಾರರಿಗೆ. ಮುನೆಮ್ಮನ ಸರದಿಗೆ ಕೊಳಗ ಬೋರಲು ಹಾಕಿದರು. ಅವಳು ಸೆರಗು ಒಡ್ಡಿಕೊಂಡೇ ನಿಂತಿದ್ದಳು. ಮನೆಗೆ ಬಂದು ಮೊರ ಮೂಲೆಗೆ ಎಸೆದಳು.
'ಏನಂದ್ರು?'
'ನಿನ್ ಕೇಳು ಅಂದ್ರು.'
'ನಾನೇನ್ ಏಳ್ಲಿ.'
'ನೀನ್ ಏನೂ ಏಳ್ಬೇಡ. ನೀನು ಊರಿಗೆಲ್ಲ ಸರಿಗ್ ಅಂಚ್ತೀಯ. ಇವತ್ತು ಇಟ್ಟಿಲ್ಲ, ಇರೋ ಒಂದ್ ಮುದ್ದೇನ ಅಂಚು ನೋಡಾಣ ನಾಕ್ ಜನಕ್ಕೆ.'
ಪಿಳ್ಳಪ್ಪ ಮುದ್ದೆ ಮುರಿಯಲು ಕೂತ. ಮಕ್ಕಳ ಮೂರು ಕಣ್ಣೂ ಅವನ ಕೈ ಮೇಲೆ."

ಕೊಬ್ಬರಿ_ತಿಪಟೂರು
ಮಕ್ಕಳ ಮೂರು ಕಣ್ಣು? ಒಂದ್ ಮಗು ನಿದ್ದೆ ಮಾಡ್ತಿದ್ಯಾ 😂 ಅದ್ ಬಿಡಿ, ಮುನೆಮ್ಮ ಸೂಪರ್. ಮುದ್ದೆ ಹಂಚು ನೋಡಾಣ ಅಂದಳಲ್ಲ, ಅಲ್ಲಿಗೆ ಪಿಳ್ಳಪ್ಪ ಮನುಷ್ಯ ಆದ.

ಶಿರಾ_ಸೀಮೆ
ಮುನೆಮ್ಮನ ಮಾತು ಚೆನ್ನಾಗಿ ಬಂದಿದೆ. ಅವಳನ್ನ ಆಮೇಲೆ ಸಮಾಧಾನ ಮಾಡಿಸ್ಬೇಡಿ ದಯವಿಟ್ಟು. ಮುಂದಿನ ಪುಟದಲ್ಲಿ ಅವಳು ಗಂಡನ ಕಾಲಿಗೆ ನೀರು ಹಾಕ್ತಾ ನಿಂದು ಸರಿ ಕಣಯ್ಯ ಅಂದ್ಬಿಟ್ರೆ ಎಲ್ಲಾ ಹೋಯ್ತು. ಅವಳು ಒಪ್ಪದೇನೇ ಇರ್ಲಿ, ಕೊನೆವರೆಗೂ.

ಬಂಗಾರಪೇಟೆ_ಪ್ಯಾಸೆಂಜರ್
ಮೊದಲಿಗಿಂತ ನೂರು ಪಾಲು ವಾಸಿ. ಆದ್ರೂ ಗಂಜಿ ಹಾಕಿದ ಅಜ್ಜಿ ಯಾಕೆ ಬಂದಳು ನಂಗೆ ಅರ್ಥ ಆಗ್ಲಿಲ್ಲ. ಪಟೇಲರ ಮನೆ ಗಂಜಿ ಋಣ ಅಂತ ತಂದು ಮತ್ತೆ ಅವರನ್ನೇ ಒಳ್ಳೆಯೋರು ಮಾಡ್ತಿದೀರಿ. ಆ ಗಂಜಿ ಎಲ್ಲಿ ಹಾಕಿದಳು, ಹಿತ್ತಲಲ್ಲಿ ಎತ್ತರದಿಂದ ಸುರಿದಳಾ? ಅದೂ ಬರೀರಿ ಹಂಗಾದ್ರೆ. ಪಿಳ್ಳಪ್ಪನಿಗೆ ಆ ಗಂಜಿ ನೆನಪು ಎರಡು ಥರ ಇರ್ಲಿ.

ಚೇಳೂರು_ಹುಣಸೆ
ನಂಗೆ ಒಂದು ಕೊರತೆ ಕಾಣ್ತಿದೆ. ಪಿಳ್ಳಪ್ಪ ಯಾವಾಗ್ಲೂ ನಿಯಮದ ಕಡೆ ನಿಲ್ತಾನೆ. ಶಿರಾ ಮೇಡಂ ಹೇಳಿದ ಬಿಷಪ್ ಇದಾನಲ್ಲ, ಅವನ ದೊಡ್ಡ ಕೆಲಸ ಯಾವುದು? ಕದ್ದೋನನ್ನ ಉಳಿಸೋಕೆ ಪೊಲೀಸರ ಮುಂದೆ ಸುಳ್ಳು ಹೇಳಿದ್ದು, ಬೆಳ್ಳಿ ನಾನೇ ಕೊಟ್ಟಿದ್ದು ಅಂತ. ಹರಿಶ್ಚಂದ್ರ ಹಂಗೆ ಸಾಯಿಸಿದ್ರೂ ಹೇಳ್ತಿರ್ಲಿಲ್ಲ. ಎರಡೂ ಥರದ ಒಳ್ಳೆಯೋರು ಇರ್ತಾರೆ. ಪಿಳ್ಳಪ್ಪ ಒಂದ್ಸಲ, ಒಂದೇ ಸಲ, ಗೆರೆ ದಾಟಿ ನೀರು ಬಿಡ್ಲಿ. ಯಾರಿಗೆ ಅನ್ನೋದು ನಿಮಗೆ ಬಿಟ್ಟಿದ್ದು, ವಿಧವೆ ಹೆಂಗಸಿನ ಮಡಿಗೋ, ದನಗಳ ಕುಡಿಯೋ ನೀರಿಗೋ. ಬಿಟ್ಟ ಮೇಲೆ ಬೆಳಗ್ಗೆ ಊರವರ ಮುಂದೆ ನಿಂತು ಉತ್ತರ ಕೊಡ್ಬೇಕು. ಅಲ್ಲಿ ಸುಳ್ಳು ಹೇಳ್ತಾನಾ ಒಪ್ಕೊಳ್ತಾನಾ?

ಗೂಡುಮಾರ್ಕೆಟ್ (ಶಿಡ್ಲಘಟ್ಟ)
ಒಪ್ಕೊಂಡ್ರೆ ಮತ್ತೆ ಹರಿಶ್ಚಂದ್ರ. ಸುಳ್ಳು ಹೇಳ್ಲಿ.

ಮಾಲೂರು_ಮೇಷ್ಟ್ರು
ಸುಳ್ಳು ಹೇಳಿದ್ರೆ ಊರು ಅವನಿಗೆ ಕೊಟ್ಟಿದ್ದ ಒಂದೇ ಅಧಿಕಾರ, ಆ ನಂಬಿಕೆ, ಅದನ್ನೇ ಕಳ್ಕೋತಾನೆ. ಅವನ ಹತ್ರ ಇರೋದೇ ಅಷ್ಟು. ಯೋಚಿಸಿ.

ಕೆರೆಏರಿ
ಅಯ್ಯೋ ಈಗ ನಂಗೇ ಗೊತ್ತಿಲ್ಲ ಅವನು ಏನ್ ಹೇಳ್ತಾನೆ ಅಂತ. ಮುಂಚೆ ಎಲ್ಲಾ ಗೊತ್ತಿತ್ತು. ಮುನೆಮ್ಮನ ಕಣ್ಣಿಂದ ಅರ್ಧ, ಪಟೇಲನ ಮಗನ ಕಣ್ಣಿಂದ ಅರ್ಧ ಬರೆಯೋಣ ಅಂತಿದೀನಿ, ಪಿಳ್ಳಪ್ಪನ ಒಳಗೆ ಹೋಗೋದೇ ಬೇಡ. ಮೂರು ಕಣ್ಣು ಸರಿ ಮಾಡ್ತೀನಿ 🙏

ಬಂಗಾರಪೇಟೆ_ಪ್ಯಾಸೆಂಜರ್
ಪಟೇಲನ ಮಗನಿಗೆ ಅರ್ಧ ಕೊಡ್ಬೇಡಿ ಅಣ್ಣ, ಕಾಲು ಸಾಕು. ಕೇರಿಯೋರ ಕಣ್ಣೂ ಬೇಕು.

ಇನ್ನೊಂದು ಕೇಳೋದಿತ್ತು, ನಿಮ್ ಕೆರೆ ತೂಬು ಯಾವ ಥರದ್ದು? ಗೇಟ್ ತಿರುಗಿಸೋದಾ, ಹಳೇ ಕಲ್ಲು ಕಂಬದ ತೂಬಾ? ಕಂಬದ್ದಾದ್ರೆ ಕೆರೆ ತುಂಬಿದಾಗ ಅವನು ನೀರಿಗೆ ಇಳಿದು ಈಜಿಕೊಂಡು ಹೋಗಿ ಬಿರಡೆ ಎತ್ತಬೇಕು, ಆ ಚಳೀಲಿ. ನಿಮ್ ಡ್ರಾಫ್ಟಲ್ಲಿ ಅವನು ಏರಿ ಮೇಲೆ ನಡೆಯೋದು ಬಿಟ್ರೆ ನೀರಿಗೆ ಇಳಿದಿದ್ದೇ ಕಾಣೆ.

ಕೆರೆಏರಿ
ಕಂಬದ್ದೇ. ಊರಲ್ಲಿ ಒಬ್ರು ಹಳಬರಿದಾರೆ ತೂಬು ತೆಗೀತಿದ್ದೋರು, ಭಾನುವಾರ ಹೋಗಿ ಕೇಳ್ಕೊಂಡ್ ಬರ್ತೀನಿ.